ಹೆಡೆ ಕಟ್ಟುವವಳು

ಹಾವಿಗೆ ಕುತ್ತಿಗೆ ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಹೆಡೆಯೇ ಅದರ ಕುತ್ತಿಗೆ. ಸಿಟ್ಟು ಬಂದಾಗ, ಹೆದರಿದಾಗ ಕುತ್ತಿಗೆಯನ್ನೇ ಅಗಲಿಸಿಕೊಂಡು ನಿಲ್ಲುತ್ತದೆ. ಈಗ ಹೇಳಿ, ಮನುಷ್ಯರ ಮುಖ, ಮನುಷ್ಯರ ಕೈ ಇರುವ ನಾಗಕನ್ನಿಕೆಗೆ ಹೆಡೆ ಎಲ್ಲಿಂದ ಹುಟ್ಟಬೇಕು? ತಲೆಯಿಂದಲೋ, ಹೆಗಲಿನಿಂದಲೋ, ಬೆನ್ನಿನಿಂದಲೋ? ನಾಗರಕಲ್ಲು ಕೆತ್ತುವವರಿಗೆ ಈ ತಾಪತ್ರಯವಿಲ್ಲ. ಕಲ್ಲಿನ ನಾಗಿಣಿ ಎದ್ದು ಕುಣಿಯುವುದಿಲ್ಲ. ನನ್ನ ನಾಗಿಣಿ ಕುಣಿಯಬೇಕಿತ್ತು, ಹಾಡಬೇಕಿತ್ತು, ಅಷ್ಟು ಸಾಲದು ಅಂತ ಕೊನೆಯ ಅಂಕದಲ್ಲಿ ನೆಲಕ್ಕೆ ಬಿದ್ದು ಹೊರಳಾಡಿ ಅಳಬೇಕಿತ್ತು.

ಈ ಉಸಾಬರಿ ನನ್ನ ಕೊರಳಿಗೆ ಗಂಟುಬಿದ್ದದ್ದು ಅರವತ್ತಾರನೇ ಇಸವಿಯ ಚಳಿಗಾಲದಲ್ಲಿ. ಆಗ ನಾನು ಸಾಗರದಲ್ಲಿ, ಹೂವಮ್ಮ ಎಂಬುವರ ಮನೆಯ ಹಿಂದಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ನಮ್ಮೂರು ಶರಾವತಿಯ ಅಣೆಕಟ್ಟಿನ ನೀರಿನ ಕೆಳಗೆ ಹೋಗಿತ್ತು. ಊರಿನವರು ಲಾರಿ ಹತ್ತಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಗಂಡ ಅದಕ್ಕೂ ಮೊದಲೇ ಜ್ವರದಲ್ಲಿ ತೀರಿಕೊಂಡಿದ್ದ. ಮಕ್ಕಳಿಲ್ಲ. ಮೈದುನನ ಸಂಸಾರ ಹೋಗುವಾಗ 'ಅತ್ತಿಗೆ, ನೀವೂ ಬನ್ನಿ' ಎಂದು ಬಾಯಿಮಾತಿಗೆ ಕರೆದರು. ಬಾಯಿಮಾತಿಗೆ ಕರೆದಲ್ಲಿಗೆ ಹೋಗುವಷ್ಟು ನಾಚಿಕೆಗೆಟ್ಟವಳಲ್ಲ ನಾನು.

ಹೊಟ್ಟೆಪಾಡಿಗೆ ಕೈಯಲ್ಲಿ ಒಂದು ಕಸುಬಿತ್ತು. ಮದುವೆಯಲ್ಲಿ ಗಂಡು ಹೆಣ್ಣಿನ ಹಣೆಗೆ ಕಟ್ಟುವ ಬಾಸಿಂಗ ಮಾಡುತ್ತಿದ್ದೆ. ಬೆಂಡನ್ನು ತೆಳ್ಳಗೆ ಸೀಳಿ, ಬಣ್ಣದ ಕಾಗದ ಅಂಟಿಸಿ, ಎರಡು ಕಡೆ ದಾರ ಬಿಟ್ಟು ಬೆಳ್ಳಪ್ಪನ ಹೂವಿನ ಅಂಗಡಿಗೆ ಕೊಡುತ್ತಿದ್ದೆ. ಮಾಡುವವಳು ನಾನು, ಕಟ್ಟುವವರು ಬೇರೆಯವರು. ಮುಂಡೆಯ ಕೈಯಲ್ಲಿ ಯಾರು ಬಾಸಿಂಗ ಕಟ್ಟಿಸಿಕೊಳ್ಳುತ್ತಾರೆ?

ನಮ್ಮಲ್ಲಿ ಬಾಸಿಂಗ ಕಟ್ಟುವುದಕ್ಕೆ ಒಂದು ಕ್ರಮವಿತ್ತು. ಮದುಮಗಳು ಅದನ್ನು ತಾನೇ ಕಟ್ಟಿಕೊಳ್ಳಬಾರದು. ಕಟ್ಟಿದ ಮೇಲೆ ಧಾರೆ ಮುಗಿಯುವವರೆಗೆ ಕನ್ನಡಿಯನ್ನೂ ನೋಡಬಾರದು. ಅಕ್ಕನೋ ಅತ್ತಿಗೆಯೋ ಹಿಂದೆ ನಿಂತು ಗಂಟು ಹಾಕಿ, ಮುಂದೆ ಬಂದು ಮುಖ ನೋಡಿ, 'ನೆಟ್ಟಗಿದೆ, ಏಳು' ಎನ್ನಬೇಕು. ಆ ಮಾತು ಕೇಳಿದ ಮೇಲೇ ಅವಳು ಏಳುವುದು. ನನಗೆ ಆ ಮಾತು ಹೇಳಿದವಳು ನನ್ನ ಅಕ್ಕ ಮಾಸ್ತಮ್ಮ. ಅವಳೂ ಈಗಿಲ್ಲ.

ಮುಕುಂದಯ್ಯ ಎಂಬುವರು ನಾಟಕ ಕಂಪನಿಯ ಮಾಲೀಕರು. ಆ ಚಳಿಗಾಲ ಸಾಗರದಲ್ಲಿ ತಗಡಿನ ಥಿಯೇಟರು ಹಾಕಿದ್ದರು. ಬೆಳ್ಳಪ್ಪನ ಅಂಗಡಿಯಲ್ಲಿ ನನ್ನ ಬಾಸಿಂಗ ನೋಡಿ, ವಿಚಾರಿಸಿಕೊಂಡು ಸೀದಾ ಮನೆಗೇ ಬಂದರು.

“ಜಲಜಮ್ಮಾ, ನಮ್ಮ ಹೊಸ ನಾಟಕಕ್ಕೆ ಒಂದು ಹೆಡೆ ಬೇಕು. ಹುಡುಗಿ ನಾಗಲೋಕದವಳು. ಮುಖ ಪೂರ್ತಿ ಕಾಣಬೇಕು, ಆದರೆ ನೋಡಿದ ಕೂಡಲೇ ಜನಕ್ಕೆ ಹಾವು ಅನ್ನಿಸಬೇಕು. ಆಗುತ್ತಾ?”

“ಅದಕ್ಕೆಂತ, ಆಗ್ತದೆ” ಎಂದುಬಿಟ್ಟೆ. ಆಗದು ಅನ್ನುವುದು ನನ್ನ ನಾಲಗೆಗೆ ಬರುವುದೇ ಇಲ್ಲ, ಅದೊಂದು ರೋಗ.

ಮೊದಲನೆಯದನ್ನು ಬಿದಿರಿನ ಸೀಳು ಬಾಗಿಸಿ, ಮೇಲೆ ಬಟ್ಟೆ ಬಿಗಿದು ಮಾಡಿದೆ. ನೆತ್ತಿಯಿಂದ ಸೊಂಟದವರೆಗೆ ಇಳಿಯುವ ಭಾರಿ ಹೆಡೆ. ಹೊತ್ತುಕೊಂಡು ಥಿಯೇಟರಿಗೆ ಹೋದೆ. ಪಾತ್ರ ಮಾಡುವ ಪುಷ್ಪಮ್ಮ ಅದನ್ನು ತಲೆಯ ಮೇಲೆ ಹಾಕಿಕೊಂಡು ರಂಗದ ನಡುವೆ ಬಂದು ನಿಂತಳು. ಮುಕುಂದಯ್ಯ ಒಂದು ಸಲ ಸುತ್ತ ಬಂದರು. ಹಿಂದಿನಿಂದ ಹಾರ್ಮೋನಿಯಂ ಪೆಟ್ಟಿಗೆ ಒರೆಸುತ್ತಿದ್ದ ನಮ್ಮ ಕಡೆಯವನೊಬ್ಬ ಕಿಸಕ್ಕನೆ ನಕ್ಕ.

“ಗೊರಬು ಹಾಕ್ಕೊಂಡು ನಾಟಿಗೆ ಹೊಂಟಂಗಿದೆ ಮಾರಾಯ್ರೇ!”

ಗೊರಬು ಅಂದರೆ ಮಳೆಗಾಲದಲ್ಲಿ ಗದ್ದೆ ನೆಡುವ ಹೆಂಗಸರು ಬೆನ್ನ ಮೇಲೆ ಕವುಚಿಕೊಳ್ಳುತ್ತಾರಲ್ಲ, ಬಿದಿರು, ಎಲೆಯದು, ಅದು. ನನಗೆ ಮೈಯೆಲ್ಲಾ ಉರಿಯಿತು. ಆದರೆ ನೋಡಿದರೆ ಅವನು ಹೇಳಿದ್ದು ಸುಳ್ಳಲ್ಲ. ನಾಗಲೋಕದ ಕನ್ನಿಕೆ ಸಸಿ ಕಟ್ಟು ಹುಡುಕುವವಳ ಹಾಗೆ ಬಗ್ಗಿ ನಿಂತಿದ್ದಳು. ಪುಷ್ಪಮ್ಮ ಒಬ್ಬಳು ನಗಲಿಲ್ಲ. ಹೆಡೆ ಇಳಿಸಿ ಕುತ್ತಿಗೆ ಉಜ್ಜಿಕೊಳ್ಳುತ್ತಾ, “ಭಾರ ಆತು ಅಷ್ಟೇ ಅಕ್ಕಾ. ಬಣ್ಣ ಮಾತ್ರ ಭಾಳ ಚಂದ ಬಂದೈತಿ” ಎಂದಳು. ಬಯಲುಸೀಮೆಯ ಹುಡುಗಿ. ಅಕ್ಕಾ ಎಂದು ನನ್ನನ್ನು ಯಾರೋ ಕರೆದು ಎಷ್ಟು ಕಾಲವಾಗಿತ್ತೋ.

ಮನೆಗೆ ಬಂದು ಯೋಚಿಸುತ್ತ ಕೂತೆ. ತಪ್ಪಾದದ್ದು ಹೆಡೆಯನ್ನು ಟೋಪಿಯ ಹಾಗೆ ತಲೆಯ ಮೇಲೆ ಇಟ್ಟದ್ದರಿಂದ. ಹೆಡೆ ಕುತ್ತಿಗೆಯಾದರೆ ಅದು ಕುತ್ತಿಗೆಯ ಪಕ್ಕದಿಂದಲೇ ಏಳಬೇಕು. ಹೆಗಲ ಮೇಲೆ ಸಣ್ಣಗೆ ಶುರುವಾಗಿ, ಕಿವಿಯ ಹತ್ತಿರ ಅಗಲವಾಗಿ, ನೆತ್ತಿಯ ಮೇಲೆ ಸ್ವಲ್ಪ ಮುಂದಕ್ಕೆ ಬಾಗಬೇಕು. ಆಗ ಮುಖ ಹೆಡೆಯ ಒಳಗಿನದಾಗುತ್ತದೆ. ಕೂದಲು ಗಂಟು ಕಟ್ಟಿದರೆ ಹೆಡೆ ಹಿಂದಕ್ಕೆ ಹೋಗುತ್ತದೆ, ಇಳಿಬಿಟ್ಟರೆ ಹೆಗಲಿನ ಸಂದಿ ಮುಚ್ಚಿಕೊಂಡು ಎಲ್ಲಿ ಹೆಣ್ಣು ಮುಗಿಯಿತು, ಎಲ್ಲಿ ಹಾವು ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಐದು ಹೆಡೆ ಬೇಕೆಂದು ಮುಕುಂದಯ್ಯ ಆಸೆ ಪಟ್ಟರು. ಐದು ಹೆಡೆಯ ನಡುವೆ ಆ ಹುಡುಗಿಯ ಮುಖವನ್ನು ಹುಡುಕುವವರು ಯಾರು ಎಂದು ಕೇಳಿದೆ, ಒಂದೇ ಸಾಕು ಎಂದರು.

ಜಗಳ ಬಂದದ್ದು ಪಾದದ ಗುರುತಿಗೆ. ನಾಗರಹಾವಿನ ಹೆಡೆಯ ಮೇಲೆ ದೇವರ ಪಾದದ ಗುರುತು ಅನ್ನುತ್ತೇವಲ್ಲ, ಅದಿರುವುದು ಹಿಂದುಗಡೆ. ಎದುರಿಗೆ ನಿಂತವರಿಗೆ ಕಾಣುವುದು ಮಾಸಲು ಬಿಳುಪಿನ ಮೇಲೆ ಕಪ್ಪು ಅಡ್ಡಪಟ್ಟೆ ಮಾತ್ರ. ಹೊಸ ಹೆಡೆಯಲ್ಲಿ ನಾನು ಹಾಗೆಯೇ ಬರೆದಿದ್ದೆ.

“ಏನಮ್ಮಾ ಇದು? ಗುರುತೇ ಇಲ್ಲದೆ ಜನಕ್ಕೆ ಹೇಗೆ ಗೊತ್ತಾಗಬೇಕು?” ಎಂದರು ಮುಕುಂದಯ್ಯ.

“ಹಿಂದೆ ಇದೆ, ನೋಡಿ.”

“ಹಿಂದೆ ಯಾರಿದ್ದಾರೆ ನೋಡೋಕೆ? ಪರದೆ ನೋಡುತ್ತಾ? ಟಿಕೆಟ್ ತಗೊಂಡವರು ಮುಂದೆ ಕೂರ್ತಾರಮ್ಮಾ!”

ಅವರು ಹೇಳಿದ್ದೂ ಸರಿಯೇ. ಮುಂದೆಯೂ ಒಂದು ಗುರುತು ಬರೆದುಕೊಟ್ಟೆ. ಹಿಂದಿನದನ್ನು ಅಳಿಸಲಿಲ್ಲ. ಅದನ್ನು ಇನ್ನಷ್ಟು ತಿದ್ದಿ, ನಮ್ಮ ಕಡೆ ಗೋಡೆಗೆ ಚಿತ್ತಾರ ಬರೆಯುವ ಪುಂಡಿನಾರಿನ ಕುಂಚದಲ್ಲೇ ಸುತ್ತ ಎಳೆ ಎಳೆಯಾಗಿ ತುಂಬಿದೆ.

ಈ ಎರಡನೇ ಹೆಡೆ ಬೆಂಡಿನದು, ಹಗುರ. ನನಗೆ ಗೊತ್ತಿದ್ದದ್ದು ಬಾಸಿಂಗ. ಹಾಗಾಗಿ ಅದಕ್ಕೂ ಬಾಸಿಂಗದ ಹಾಗೆಯೇ ಎರಡು ಕಡೆ ದಾರ ಬಿಟ್ಟಿದ್ದೆ. ಹಣೆಯ ಸುತ್ತ ತಂದು, ಕೂದಲ ಕೆಳಗೆ ಅಡ್ಡಹಾಯಿಸಿ, ಹಿಂದಲೆಯಲ್ಲಿ ಬಿಗಿಯಬೇಕು. ತೊಟ್ಟವಳ ಕೈ ಅಲ್ಲಿಗೆ ಎಟುಕುವುದಿಲ್ಲ. ಇನ್ನೊಬ್ಬರು ಹಿಂದೆ ನಿಂತು ಕಟ್ಟಲೇಬೇಕು. ನಾಟಕದವರಿಗೆ ಅವಸರವಿರುತ್ತದೆ, ಹಾಗೆ ಮಾಡಬಾರದು ಎಂದು ನನಗೆ ಹೊಳೆಯಲೇ ಇಲ್ಲ. ತಲೆಗೆ ಕಟ್ಟುವುದನ್ನು ತಾನೇ ಕಟ್ಟಿಕೊಳ್ಳುವುದು ಉಂಟೇ?

ಮೊದಲ ದಿನ ದಾರ ಹಿಡಿದು ಪುಷ್ಪಮ್ಮನ ಹಿಂದೆ ನಿಂತವಳು ನಾನು ಹಾಗೇ ನಿಂತುಬಿಟ್ಟೆ.

“ಯಾಕಕ್ಕಾ?”

“ನಾನು ಕಟ್ಟಬಾರದು ಕಣೇ. ಗಂಡ ಇಲ್ದವಳು. ಬೇರೆ ಯಾರನ್ನಾದ್ರೂ ಕರಿ.”

ಅವಳು ಕನ್ನಡಿಯೊಳಗಿಂದಲೇ ನನ್ನನ್ನು ನೋಡಿ ನಕ್ಕಳು. “ನಾನೇನು ಮದುಮಗಳೇನಕ್ಕಾ? ನಾನು ಹಾವು. ಹಾವಿಗೆ ಯಾವ ಶಾಸ್ತ್ರ? ಕಟ್ಟು ನೀನು.”

ಕಟ್ಟಿದೆ. ಗಂಟು ಬಿಗಿದು, ಮುಂದೆ ಬಂದು, ಅವಳ ಗಲ್ಲ ಹಿಡಿದು ನೋಡಿದೆ. ಬಾಯಿಗೆ ತಾನಾಗಿಯೇ ಬಂತು: “ನೆಟ್ಟಗಿದೆ, ಏಳು.” ಅದೇನೆಂದು ಅವಳು ಕೇಳಿದಳು. ಹೇಳಿದೆ. ಅಂದಿನಿಂದ ಅವಳೂ ಹಟ ಹಿಡಿದಳು. ಹೆಡೆ ಕಟ್ಟಿದ ಮೇಲೆ ಕನ್ನಡಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ನಾನು ಆ ಮಾತು ಹೇಳಿದರೇ ಏಳುವುದು. ಹೊರಗೆ ಗಂಟೆ ಹೊಡೆದರೂ, ಮುಕುಂದಯ್ಯ ಕೂಗಿಕೊಂಡರೂ ಏಳುತ್ತಿರಲಿಲ್ಲ.

ದಿನಾ ಸಂಜೆ ನಾನು ಹೋಗಲೇಬೇಕಾಯಿತು. ಗಂಟು ನನ್ನ ಕೈಗೇ ಕೂರುತ್ತಿತ್ತು. ಬೇರೆಯವರು ಕಟ್ಟಿದರೆ ಹೆಡೆ ಒಂದು ಮಗ್ಗುಲಿಗೆ ವಾಲುತ್ತಿತ್ತು. ಸಾಗರದ ಕ್ಯಾಂಪು ಮುಗಿದು ಹೊಸನಗರಕ್ಕೆ ಹೊರಟಾಗ ಮುಕುಂದಯ್ಯ ಗೊಣಗಿದರೂ ನನ್ನನ್ನೂ ಲಾರಿ ಹತ್ತಿಸಿದರು. “ಒಂದು ಗಂಟಿಗೆ ಒಬ್ಬರನ್ನು ಹೊತ್ತುಕೊಂಡು ತಿರುಗಬೇಕಲ್ಲಪ್ಪಾ” ಎಂದರು. ಅನ್ನಲಿ. ಹೂವಮ್ಮ ಬಾಗಿಲಲ್ಲಿ ನಿಂತು, “ಈ ವಯಸ್ಸಲ್ಲಿ ಕಂಪನಿ ಸೇರ್ತೀಯಲ್ಲೇ ಜಲಜಾ, ಊರು ಎಂತ ಅಂತದೆ?” ಎಂದರು. “ಯಾವ ಊರು ಹೂವಮ್ಮಾ? ನಮ್ಮೂರು ನೀರಲ್ಲಿದೆ, ಅದಕ್ಕೆ ಬಾಯಿಲ್ಲ” ಎಂದೆ.

ಹೊಸನಗರದ ದಿನಗಳನ್ನು ನಾನು ಹೇಗೆ ಹೇಳಲಿ? ಸಾಲಿನಲ್ಲಿ ಕೂತು ಊಟ ಮಾಡುತ್ತಿದ್ದೆವು. 'ಜಲಜಕ್ಕ ಇನ್ನೂ ಬಂದಿಲ್ಲ, ತಡಿ' ಎಂದು ಪುಷ್ಪಮ್ಮ ಬಡಿಸುವವನನ್ನು ನಿಲ್ಲಿಸುತ್ತಿದ್ದಳು. ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದೆ. ಅವಳು ತನ್ನ ತಾಯಿಯ ಬಗ್ಗೆ, ಬೇಗ ಬೇಗ ಮುಗಿಯುವ ತನ್ನ ವಯಸ್ಸಿನ ಬಗ್ಗೆ ಹೇಳುತ್ತಿದ್ದಳು. “ಕಂಪನಿಯಾಗ ನಾಯಕಿ ಪಾತ್ರ ಒಮ್ಮೆ ಕೈಬಿಟ್ರ ಮತ್ತ ಸಿಗಂಗಿಲ್ಲಕ್ಕಾ. ಆಮ್ಯಾಲ ಸಖಿ, ಅದರ ಮ್ಯಾಲ ಮುದುಕಿ” ಎನ್ನುತ್ತಿದ್ದಳು. ಆ ಗಂಟು ಇರುವವರೆಗೆ ನಾನು ಕಂಪನಿಯವಳು, ಅಷ್ಟೇ ನನಗೆ ಗೊತ್ತಿದ್ದದ್ದು. ರಾತ್ರಿ ಮಲಗುವಾಗ ದೇವರಿಗೆ ಬೇರೇನೂ ಕೇಳುತ್ತಿರಲಿಲ್ಲ, ಆ ದಾರ ಹರಿಯದಿರಲಿ ಎಂದು ಕೇಳುತ್ತಿದ್ದೆ.

ದಾರ ಹರಿಯಲಿಲ್ಲ. ಮುಕುಂದಯ್ಯನ ತಲೆ ಓಡಿತು. ಹೆಣ್ಣು ಹಾವಾಗುವುದನ್ನು ಪರದೆಯ ಹಿಂದೆ ಮಾಡಿದರೆ ಏನು ಸ್ವಾರಸ್ಯ, ಜನರ ಕಣ್ಣೆದುರೇ ಆಗಲಿ ಎಂದರು. ದೀಪ ಆರಬೇಕು, ಮತ್ತೆ ಹತ್ತುವಷ್ಟರಲ್ಲಿ ಅದೇ ಜಾಗದಲ್ಲಿ ಅವಳು ಹೆಡೆಯೆತ್ತಿ ನಿಂತಿರಬೇಕು. ನಾನು ಕತ್ತಲಲ್ಲಿ ಓಡಿಹೋಗಿ ಕಟ್ಟಿ ಓಡಿಬರಬೇಕು. ಎರಡು ಮೂರು ಸಲ ಹೇಗೋ ಆಯಿತು. ಒಂದು ಭಾನುವಾರ, ಥಿಯೇಟರು ತುಂಬಿದ್ದಾಗ, ದಾರ ಅವಳ ಕೂದಲಿಗೆ ಸಿಕ್ಕಿಕೊಂಡಿತು. ನಾನು ಬಿಡಿಸುತ್ತಿರುವಾಗಲೇ ದೀಪ ಹತ್ತಿತು. ನಾಗಕನ್ನಿಕೆಯ ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ನಾನು! ಗಾಬರಿಯಲ್ಲಿ ಕೈಬಿಟ್ಟೆ. ಹೆಡೆ ಜಾರಿ ಅವಳ ಮೂಗಿನ ಮೇಲೆ ಕೂತಿತು.

“ಹಾವಿನ ಅತ್ತೆ ಬಂದ್ಲು ರೋ! ಹೇನು ನೋಡ್ತಿದಾಳೆ!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದ. ಸಿಳ್ಳೆಯೋ ಸಿಳ್ಳೆ. ಪುಷ್ಪಮ್ಮ ಹಾಡು ಮರೆತು ಒಳಗೆ ಓಡಿದಳು.

ಮುಕುಂದಯ್ಯ ನನಗೊಂದು ಮಾತೂ ಅನ್ನಲಿಲ್ಲ. ಬೈದದ್ದೆಲ್ಲ ಅವಳಿಗೆ. ಕೊನೆಗೆ ನನ್ನ ಕಡೆ ತಿರುಗಿ, “ನೋಡಿ ಜಲಜಮ್ಮಾ, ಗಂಟು ಹಾಕೋ ಹೆಡೆ ಇನ್ನು ಬೇಡ. ಅವಳೊಬ್ಬಳೇ ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಎತ್ತಿಕೊಳ್ಳೋ ಹಾಗಿರಬೇಕು. ತೀರ್ಥಹಳ್ಳಿ ಕ್ಯಾಂಪು ಶುರುವಾಗೋದ್ರೊಳಗೆ ಆದರೆ ಆಯ್ತು. ಇಲ್ಲದಿದ್ರೆ ಹಾವೂ ಬೇಡ, ಹೆಡೆಯೂ ಬೇಡ. ಬೇರೆ ನಾಟಕ, ಬೇರೆ ನಾಯಕಿ” ಎಂದರು.

ಅತ್ತ ದರಿ, ಇತ್ತ ಪುಲಿ. ಅಂಥ ಹೆಡೆ ಆಗುವುದಿಲ್ಲ ಎಂದರೆ ಪುಷ್ಪಮ್ಮನ ಪಾತ್ರ ಹೋಯಿತು. ಮಾಡಿಕೊಟ್ಟರೆ ನನ್ನ ಗಂಟು ಹೋಯಿತು. ನಿಜ ಹೇಳುತ್ತೇನೆ, ಅದನ್ನು ಹೇಗೆ ಮಾಡಬೇಕೆಂದು ಅವರು ಮಾತು ಮುಗಿಸುವ ಮೊದಲೇ ನನಗೆ ಗೊತ್ತಿತ್ತು. ಆ ಹಾರ್ಮೋನಿಯಂನವನು ನಕ್ಕ ದಿನವೇ ಅರ್ಧ ಗೊತ್ತಾಗಿತ್ತು. ಗೊರಬನ್ನು ಯಾರಾದರೂ ಕಟ್ಟುತ್ತಾರೆಯೇ? ಅದರ ಭಾರ ಬೆನ್ನ ಮೇಲೆ. ಗದ್ದೆಯಲ್ಲಿ ಪ್ರತಿಯೊಬ್ಬಳೂ ತನ್ನ ಗೊರಬನ್ನು ತಾನೇ ಎತ್ತಿ ಹಾಕಿಕೊಳ್ಳುತ್ತಾಳೆ.

ತೀರ್ಥಹಳ್ಳಿಗೆ ಬಂದು, ಥಿಯೇಟರು ಇನ್ನೂ ಏಳುತ್ತಿದ್ದಾಗಲೂ ಎರಡು ದಿನ ಸುಮ್ಮನಿದ್ದೆ. ಬೆಂಡು ಸಿಗಲಿಲ್ಲ, ಬಿದಿರು ಸರಿಯಿಲ್ಲ ಎಂದು ಏನೇನೋ ನೆಪ ಹೇಳಿದೆ. ಮೂರನೇ ದಿನ ತುಂಗೆಯ ಮಳಲಿನಲ್ಲಿ ಬಟ್ಟೆ ಒಣಹಾಕಿ ಕೂತಿದ್ದಾಗ ಪುಷ್ಪಮ್ಮ ಮೆಲ್ಲಗೆ ಕೇಳಿದಳು.

“ಅಕ್ಕಾ, ಆಗಂಗಿಲ್ಲೇನು?”

ಅವಳ ಮುಖ ನೋಡಿದೆ. ಬಣ್ಣ ತೊಳೆದ ಮುಖ, ಕಣ್ಣ ಕೆಳಗೆ ಕಪ್ಪು. ಆಗುವುದಿಲ್ಲ ಎಂದಿದ್ದರೆ ನಂಬುತ್ತಿದ್ದಳು. ನನ್ನನ್ನು ದೂರುತ್ತಲೂ ಇರಲಿಲ್ಲ, ಅದೇ ಕಷ್ಟ. ಆಗದು ಅನ್ನಲು ಬಾರದ ನನ್ನ ಈ ಹಾಳು ನಾಲಗೆ!

“ಆಗ್ತದೆ ಮಾರಾಯ್ತಿ. ನಾಳಿದ್ದು ಬಾ” ಎಂದೆ. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ.

ಮೂರನೇ ಹೆಡೆ ನನ್ನ ಕೈಯಿಂದ ಆದ ಎಲ್ಲಕ್ಕಿಂತ ಒಳ್ಳೆಯ ಕೆಲಸ. ಬೆನ್ನಿಗೆ ಒರಗುವ ಹಾಗೆ ಒಂದು ಪಟ್ಟಿ, ಅದರ ಎರಡು ಮಗ್ಗುಲಲ್ಲಿ ಪಕ್ಕೆಲುಬಿನಂತೆ ಬಿದಿರಿನ ತೆಳು ಕಡ್ಡಿ. ಮಡಿಸಿದಾಗ ಇಳಿಬಿಟ್ಟ ಕೂದಲ ಕೆಳಗೆ, ಸೆರಗಿನ ಒಳಗೆ ಇದೆಯೆಂದೇ ತಿಳಿಯುವುದಿಲ್ಲ. ಸೊಂಟದ ಹತ್ತಿರದ ಹುರಿ ಎಳೆದರೆ ಕಡ್ಡಿಗಳೆಲ್ಲ ಅಗಲವಾಗಿ, ಹೆಡೆ ಹೆಗಲ ಮೇಲಿಂದ ಎದ್ದು ತಲೆಯ ಹಿಂದೆ ನಿಲ್ಲುತ್ತದೆ, ಹಾವು ಸಿಟ್ಟಾದಾಗ ನಿಂತ ಹಾಗೆಯೇ. ಮೊದಲ ಸಲ ಎಳೆದು ನೋಡಿದಾಗ ಪುಷ್ಪಮ್ಮ ಚಿಕ್ಕ ಹುಡುಗಿಯ ಹಾಗೆ ಕಿರುಚಿ ನನ್ನನ್ನು ತಬ್ಬಿಕೊಂಡಳು. ಮತ್ತೆ ಮತ್ತೆ ಎಳೆದಳು, ಮಡಿಸಿದಳು. ಯಾರ ಸಹಾಯವೂ ಬೇಕಾಗಲಿಲ್ಲ.

ಹೊಸ ಹೆಡೆಯ ಮೊದಲ ಆಟಕ್ಕೆ ಮುಕುಂದಯ್ಯ ನನಗೆ ಮರ್ಯಾದೆ ಮಾಡಿದರು. “ನೀವು ಇವತ್ತು ಒಳಗೆ ಇರೋದು ಬೇಡ ಜಲಜಮ್ಮಾ. ಮುಂದೆ ಕುರ್ಚಿ ಹಾಕಿಸಿದ್ದೀನಿ, ಕೂತು ನೋಡಿ” ಎಂದರು. ಊರ ದೊಡ್ಡವರ ಹೆಂಡಿರ ಪಕ್ಕದಲ್ಲಿ ಮೊದಲನೇ ಸಾಲಿನಲ್ಲಿ ಕೂತೆ. ನಾನು ಮಾಡಿದ ಹೆಡೆಯನ್ನು ಜನರ ನಡುವೆ ಕೂತು ನೋಡಿದ್ದು ಅದೇ ಮೊದಲು. ಹಿಂದಿನ ಗುರುತು ಅಲ್ಲಿಂದ ಕಾಣುವುದಿಲ್ಲ.

ದೀಪ ಆರಿತು, ಹತ್ತಿತು. ಅವಳು ಹೆಡೆಯೆತ್ತಿ ನಿಂತಿದ್ದಳು. ಹೆಂಗಸರು 'ಅಯ್ಯಮ್ಮಾ' ಎಂದು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಚಪ್ಪಾಳೆ ಬಿತ್ತು. ಹಾರ್ಮೋನಿಯಂ ಶುರುವಾಯಿತು, ಆದರೆ ಅವಳು ಹಾಡಲಿಲ್ಲ. ಕಣ್ಣು ಮುಚ್ಚಿ ಹಾಗೇ ನಿಂತಿದ್ದಳು. ಜನ ಅದೂ ನಾಟಕವೇ ಅಂದುಕೊಂಡರು. ನನಗೆ ಮಾತ್ರ ಗೊತ್ತಾಯಿತು. ಅವಳು ನನ್ನ ಮಾತಿಗೆ ಕಾಯುತ್ತಿದ್ದಾಳೆ! ಬಾಯಿ ತೆರೆದೆ. ಅಷ್ಟು ಜನರ ನಡುವೆ, ಅಷ್ಟು ದೂರದಿಂದ ಹೇಗೆ ಹೇಳುವುದು? ಹಾರ್ಮೋನಿಯಂನವನು ಅದೇ ಸಾಲನ್ನು ಮತ್ತೊಮ್ಮೆ ನುಡಿಸಿದ. ಅವಳು ಕಣ್ಣು ತೆರೆದು ಹಾಡತೊಡಗಿದಳು. ಹೇಳದೆಯೂ ಆಗುತ್ತದೆ ಎಂದು ಅವಳಿಗೆ ಆಗ ತಿಳಿಯಿತು, ನನಗೂ ತಿಳಿಯಿತು.

ಮರುದಿನವೇ ಮುಕುಂದಯ್ಯ ತಾಂಬೂಲದ ಜೊತೆ ಒಂದು ಸೀರೆ ಕೊಟ್ಟರು. ಮುಂದೆ ಘಟ್ಟದ ಕೆಳಗಿನ ಊರುಗಳಂತೆ. “ನೀವು ಯಾಕೆ ನಮ್ಮ ಜೊತೆ ಅಲೆದು ಸುಸ್ತಾಗಬೇಕು? ಹಾಯಾಗಿ ಮನೆಯಲ್ಲಿರಿ” ಎಂದರು. ಹಾಯಾಗಿ! ಆ ಮನುಷ್ಯ ಕೆಟ್ಟವರಲ್ಲ, ಅವರಿಗೆ ಗೊತ್ತಾಗಲಿಲ್ಲ ಅಷ್ಟೇ. ಪುಷ್ಪಮ್ಮ ಬಸ್ಸಿನವರೆಗೆ ಬಂದಳು. “ಮುಂದಿನ ವರ್ಷ ಸಾಗರಕ್ಕ ಬರ್ತೀವಲ್ಲಕ್ಕಾ” ಎಂದಳು. ಅಕ್ಕನೂ ಬರಲಿ ಎಂದು ಮಾಲೀಕರನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳು ಎಂದು ನಾನೂ ಹೇಳಲಿಲ್ಲ. ಹಳೆಯ ಗಂಟಿನ ಹೆಡೆಯನ್ನು ಹಳೇ ಸೀರೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟು, ಬಸ್ಸು ಹೊರಡುವವರೆಗೆ ಕಿಟಕಿಯ ಸರಳು ಹಿಡಿದುಕೊಂಡಿದ್ದಳು.

ಸಾಗರಕ್ಕೆ ಬಂದೆ. ಹೂವಮ್ಮ “ಹೊಳೆ ದಾಟಿದ ಮೇಲೆ ಅಂಬಿಗ ಯಾರು ಅಂತಾರೆ, ನಾ ಹೇಳ್ಲಿಲ್ವಾ?” ಎಂದರು. ಅವರು ಅದನ್ನು ಹೇಳಿರಲೇ ಇಲ್ಲ. ಬೆಳ್ಳಪ್ಪ ಬಾಸಿಂಗ ಬೇಕೆಂದು ಹೇಳಿಕಳಿಸಿದ್ದ. ಮತ್ತೆ ಬೆಂಡು ಸೀಳುತ್ತ ಕೂತೆ.

ಒಂದು ಮಧ್ಯಾಹ್ನ ಕೆಲಸ ಬಿಟ್ಟು ಗಂಟಿನ ಹೆಡೆಯನ್ನು ಬಿಚ್ಚಿದೆ. ಹಿಂದಿನ ಪಾದದ ಗುರುತು ಒಂದಿಷ್ಟೂ ಮಾಸಿರಲಿಲ್ಲ. ಬಾಗಿಲು ಹಾಕಿ, ಕೂದಲು ಇಳಿಬಿಟ್ಟು, ಅದನ್ನು ನನ್ನ ಹೆಗಲಿಗೆ ಇಟ್ಟುಕೊಂಡೆ. ದಾರಗಳನ್ನು ಹಣೆಯ ಸುತ್ತ ತಂದು ಹಿಂದಕ್ಕೆ ಒಯ್ದೆ. ಗಂಟು ಹಾಕಲು ಎಟುಕಲಿಲ್ಲ. ಎರಡು ಕೈಯನ್ನೂ ಹಿಂದಲೆಗೆ ಕೊಟ್ಟು ದಾರದ ತುದಿ ಹಿಡಿದುಕೊಂಡು ನಿಂತೆ. ಬಿಟ್ಟರೆ ಬೀಳುತ್ತದೆ. ಮೂಲೆಯಲ್ಲಿ ಕನ್ನಡಿಯಿತ್ತು, ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಕಾದೆ. ಆಮೇಲೆ ನಾನೇ ಹೇಳಿಕೊಂಡೆ.

“ನೆಟ್ಟಗಿದೆ, ಏಳು.”

ಹೊರಗೆ ಬಟ್ಟೆ ಒಣಹಾಕುತ್ತಿದ್ದ ಹೂವಮ್ಮನಿಗೆ ಕೇಳಿಸಿತೆಂದು ಕಾಣುತ್ತದೆ. “ಜಲಜಾ, ಒಳಗೆ ಯಾರು ಬಂದಿದ್ದಾರೆ?” ಎಂದು ಕೇಳಿದರು.

“ಯಾರೂ ಇಲ್ಲ” ಎಂದೆ. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.